ಕೊರಳ ಸಿರೆಯ ಸಾಕ್ಷ್ಯ: ಬಲ ಹೃದಯದ ಒತ್ತಡವನ್ನು ಕಣ್ಣಿನಿಂದ ಅಳೆಯುವ ಪರೀಕ್ಷೆಯ ಬಗ್ಗೆ ಒಂದು ಸಂಶೋಧನಾ ಟಿಪ್ಪಣಿ

ಹೃದ್ರೋಗಿಯ ಕೇಸ್ ಶೀಟಿನಲ್ಲಿ ‘ಜೆವಿಪಿ’ ಎಂಬ ಒಂದು ಸಾಲು ಇರುತ್ತದೆ. ಅದರ ಮುಂದೆ ಬೀಳುವ ಮಾತು ಬಹುಮಟ್ಟಿಗೆ ಒಂದೇ: ‘ನಾರ್ಮಲ್’, ಇಲ್ಲವೇ ‘ಏರಿಲ್ಲ’. ಜೆವಿಪಿ ಎಂದರೆ ಜ್ಯುಗುಲರ್ ಸಿರೆಯ ಒತ್ತಡ. ಕೊರಳ ಬದಿಯಲ್ಲಿ ಇಳಿಯುವ ದೊಡ್ಡ ಸಿರೆಯಲ್ಲಿ ರಕ್ತ ಎಷ್ಟು ಎತ್ತರಕ್ಕೆ ನಿಂತಿದೆ ಎಂಬ ಲೆಕ್ಕ. ನಾಡಿ ಹಿಡಿಯುವುದು, ಬಿ.ಪಿ. ನೋಡುವುದು, ಎದೆಗೆ ಸ್ಟೆತೊಸ್ಕೋಪ್ ಇಡುವುದು ಈ ಮೂರನ್ನು ಯಾವ ವೈದ್ಯರೂ ಬಿಡುವುದಿಲ್ಲ. ಬಿಟ್ಟರೆ ರೋಗಿಯೇ ಕೇಳುತ್ತಾನೆ. ಕೊರಳನ್ನು ನೋಡದೆ ಬಿಟ್ಟರೆ ಕೇಳುವವರಿಲ್ಲ. ಕೇಸ್ ಶೀಟಿನ ಆ ಸಾಲನ್ನು ನೋಡದೆಯೇ ತುಂಬಬಹುದು.

ಈ ಪರೀಕ್ಷೆಯಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ದೊರೆತಿರುವ ಪುರಾವೆಗಳ ಬೆಳಕಿನಲ್ಲಿ ನೋಡುವುದು ಈ ಟಿಪ್ಪಣಿಯ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕೊರಳ ಸಿರೆಯನ್ನು ‘ಎಷ್ಟು ಸೆಂಟಿಮೀಟರ್?’ ಎಂದು ಕೇಳಿದರೆ ಅದು ಆಗಾಗ ತಪ್ಪು ಹೇಳುತ್ತದೆ. ‘ಒತ್ತಡ ಏರಿದೆಯೋ ಇಲ್ಲವೋ, ಮಿಡಿತದ ಆಕಾರ ಹೇಗಿದೆ?’ ಎಂದು ಕೇಳಿದರೆ ನಂಬಬಹುದಾದ ಉತ್ತರ ಕೊಡುತ್ತದೆ. ಪಠ್ಯಪುಸ್ತಕಗಳ ಒತ್ತು ಮಾತ್ರ ಮೊದಲನೆಯ ಪ್ರಶ್ನೆಯ ಮೇಲೆಯೇ ಬಿದ್ದಿದೆ. ಅಳೆದ ಅಂಕಿ ಹೊಂದದೆ ಹೋದಾಗ ವಿದ್ಯಾರ್ಥಿ ಇಡೀ ಪರೀಕ್ಷೆಯನ್ನೇ ಕೈಬಿಡುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಅನಿಸಿಕೆ.

ಪರೀಕ್ಷೆಯ ತತ್ವ ಸರಳ. ಬಲ ಹೃತ್ಕರ್ಣಕ್ಕೂ ಬಲಗಡೆಯ ಒಳ ಜ್ಯುಗುಲರ್ ಸಿರೆಗೂ ನಡುವೆ ದಾರಿ ಹೆಚ್ಚುಕಡಿಮೆ ನೇರ, ಗಣನೀಯವಾದ ತಡೆಯಿಲ್ಲ. ಗಾರೆ ಮೇಸ್ತ್ರಿಗಳು ಗೋಡೆಯ ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪನ್ನು ಹಿಡಿಯುತ್ತಾರಲ್ಲ, ಅಂಥದ್ದೇ ವ್ಯವಸ್ಥೆ ಇದು. ಹೃತ್ಕರ್ಣದಲ್ಲಿ ಒತ್ತಡ ಹೆಚ್ಚಿದರೆ ಕೊರಳಿನಲ್ಲಿ ರಕ್ತದ ಮಟ್ಟ ಮೇಲೇರುತ್ತದೆ. ಮಟ್ಟದ ತುದಿ ನಿಶ್ಚಲವಾಗಿರುವುದಿಲ್ಲ; ಹೃತ್ಕರ್ಣ ಸಂಕುಚಿಸಿದಾಗ ಮೇಲೆ ನೆಗೆದು, ಸಡಿಲಿಸಿದಾಗ ಕುಸಿಯುತ್ತದೆ. ಹೀಗಾಗಿ ಇಲ್ಲಿ ಎರಡು ಬಗೆಯ ಮಾಹಿತಿ ಒಟ್ಟಿಗಿದೆ: ಎತ್ತರ ಒತ್ತಡವನ್ನು ಹೇಳುತ್ತದೆ, ಅಲೆಯ ಆಕಾರ ಹೃದಯದ ಕೆಲಸದ ಬಗೆಯನ್ನು ಹೇಳುತ್ತದೆ.

ಕೊರಳ ಸಿರೆಗಳು ಉಬ್ಬುವುದು ಹೃದಯದ ಬಲಭಾಗ ಹಿಗ್ಗಿದ ಗುರುತೆಂದು ರೋಮಿನ ವೈದ್ಯ ಜಿಯೊವಾನ್ನಿ ಮಾರಿಯಾ ಲಾನ್ಚಿಸಿ ಗಮನಿಸಿದ್ದ. ಅವನ ಗ್ರಂಥ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1728ರಲ್ಲಿ. ಆದರೆ ಆ ಮಿಡಿತವನ್ನು ಕಾಗದದ ಮೇಲೆ ಇಳಿಸಿ ಬಿಡಿಸಿ ಓದಿದ ಕೀರ್ತಿ ಸಲ್ಲಬೇಕಾದದ್ದು ಲ್ಯಾಂಕಾಷೈರಿನ ಗಿರಣಿ ಊರು ಬರ್ನ್ಲಿಯಲ್ಲಿ ಸಾಮಾನ್ಯ ವೈದ್ಯನಾಗಿದ್ದ ಜೇಮ್ಸ್ ಮೆಕೆಂಜಿಗೆ. ಸ್ಕಾಟ್ಲೆಂಡಿನ ರೈತ ಮನೆತನದಲ್ಲಿ 1853ರಲ್ಲಿ ಹುಟ್ಟಿದ ಈತ 1879ರಲ್ಲಿ ಬರ್ನ್ಲಿಗೆ ಬಂದ. ಹೆರಿಗೆಯ ಹೊತ್ತಿನಲ್ಲಿ ಹೃದ್ರೋಗದಿಂದ ಕಣ್ಣೆದುರೇ ಪ್ರಾಣಬಿಟ್ಟ ಒಬ್ಬ ಹೆಂಗಸಿನ ಸಾವು ಅವನನ್ನು ಈ ಹಾದಿಗೆ ತಂದಿತೆಂದು ಅವನ ಜೀವನಚರಿತ್ರೆಗಳು ಹೇಳುತ್ತವೆ. ಅವನ ಬಳಿ ಆಸ್ಪತ್ರೆಯ ಪ್ರಯೋಗಾಲಯ ಇರಲಿಲ್ಲ. ಕೊರಳ ಸಿರೆಯ ಮಿಡಿತವನ್ನೂ ಮುಂಗೈ ನಾಡಿಯನ್ನೂ ಏಕಕಾಲಕ್ಕೆ ದಾಖಲಿಸುವ ಪಾಲಿಗ್ರಾಫ್ ಎಂಬ ಉಪಕರಣವನ್ನು ತಾನೇ ರೂಪಿಸಿಕೊಂಡ. ಅದನ್ನು ಶಾಯಿಯಲ್ಲಿ ಬರೆಯುವಂತೆ ಸುಧಾರಿಸಲು ಗಡಿಯಾರ ಕೆಲಸದವನೊಬ್ಬ ನೆರವಾದ. ಇಂದಿಗೂ ನಾವು ಬಳಸುವ ‘ಎ’, ‘ಸಿ’, ‘ವಿ’ ಎಂಬ ಅಲೆಗಳ ಗುರುತು ಅವನದು.

ಮೆಕೆಂಜಿಯ ಹೆಚ್ಚಿನ ಬಲ ಇದ್ದದ್ದು ಉಪಕರಣದಲ್ಲಲ್ಲ, ಒಂದೇ ಊರಿನಲ್ಲಿ ಕುಳಿತು ಅದೇ ರೋಗಿಗಳನ್ನು ವರ್ಷಾನುಗಟ್ಟಲೆ ನೋಡಿದ್ದರಲ್ಲಿ. ಮೈಟ್ರಲ್ ಕವಾಟ ಕಿರಿದಾಗಿದ್ದ ಒಬ್ಬ ರೋಗಿಯನ್ನು ಅವನು 1880ರಿಂದ ಬಲ್ಲ. 1898ರಲ್ಲಿ ಆ ರೋಗಿಯ ನಾಡಿ ಇದ್ದಕ್ಕಿದ್ದಂತೆ ಗತಿಗೆಟ್ಟಿತು. ಕೊರಳ ಸಿರೆಯ ದಾಖಲೆಯಲ್ಲಿ ಅಲ್ಲಿಯತನಕ ಸ್ಪಷ್ಟವಾಗಿದ್ದ ‘ಎ’ ಅಲೆ ಮಾಯವಾಯಿತು. ‘ಎ’ ಅಲೆ ಹೃತ್ಕರ್ಣದ ಸಂಕೋಚನದ ಕುರುಹು. ಅದೇ ಇಲ್ಲವಾದರೆ ಹೃತ್ಕರ್ಣ ನಿಷ್ಕ್ರಿಯವಾಗಿರಬೇಕು ಎಂದು ಅವನು ತರ್ಕಿಸಿದ. ಹೃತ್ಕರ್ಣ ನಿಂತೇಹೋಗಿಲ್ಲ, ಕ್ರಮವಿಲ್ಲದೆ ಅದುರುತ್ತಿದೆ ಎಂದು 1909ರಲ್ಲಿ ಲಂಡನ್ನಿನ ಥಾಮಸ್ ಲೂಯಿಸ್ ಮತ್ತು ವಿಯೆನ್ನಾದ ರೋತ್‌ಬರ್ಗರ್, ವಿಂಟರ್‌ಬರ್ಗ್ ಇಸಿಜಿಯಿಂದ ತೋರಿಸಿದರು. ಇಂದು ಏಟ್ರಿಯಲ್ ಫಿಬ್ರಿಲೇಷನ್ ಎನ್ನುವ ಕಾಯಿಲೆಯ ಮೊದಲ ಸುಳಿವು ಸಿಕ್ಕಿದ್ದು, ಹೀಗೆ, ಕೊರಳಿನಲ್ಲಿ ಒಂದು ಅಲೆ ಕಾಣದೆ ಹೋದದ್ದರಿಂದ. ಇಲ್ಲಿ ಯಾರೂ ಸೆಂಟಿಮೀಟರ್ ಅಳೆದಿರಲಿಲ್ಲ ಎಂಬುದನ್ನು ಗಮನಿಸಬೇಕು.

ಸೆಂಟಿಮೀಟರ್ ಬಂದದ್ದು ಆಮೇಲೆ. ಮೆಕೆಂಜಿಯನ್ನು ಗುರುವೆಂದು ಭಾವಿಸಿದ್ದ ಅದೇ ಲೂಯಿಸ್ 1930ರಲ್ಲಿ ಹೃದಯ ವೈಫಲ್ಯದ ಆರಂಭದ ಗುರುತುಗಳ ಬಗ್ಗೆ ಬರೆಯುತ್ತ, ಸಿರೆಯ ಮಟ್ಟವನ್ನು ಎದೆಮೂಳೆಯ ಕೋನದಿಂದ ಅಳೆಯಿರಿ ಎಂದ. ಎರಡನೆಯ ಪಕ್ಕೆಲುಬು ಎದೆಮೂಳೆಗೆ ಸೇರುವ ಜಾಗದಲ್ಲಿ ಬೆರಳಿಗೆ ತಟ್ಟುವ ದಿಣ್ಣೆ ಅದು. ಆರೋಗ್ಯವಂತರಲ್ಲಿ ಮಲಗಿದರೂ ಒರಗಿದರೂ ಕುಳಿತರೂ ಸಿರೆಯ ತುದಿ ಈ ದಿಣ್ಣೆಯ ಆಸುಪಾಸಿನಲ್ಲೇ ಇರುತ್ತದೆ ಎಂಬುದು ಅವನ ಅವಲೋಕನ. ಅನಂತರದ ಪಠ್ಯಗಳಲ್ಲಿ ಇದು ಒಂದು ಸೂತ್ರವಾಗಿ ಗಟ್ಟಿಯಾಯಿತು: ದಿಣ್ಣೆ ಹೃತ್ಕರ್ಣದ ಮಧ್ಯಕ್ಕಿಂತ ಯಾವ ಭಂಗಿಯಲ್ಲೂ 5 ಸೆಂ.ಮೀ. ಮೇಲಿರುತ್ತದೆ, ಕಂಡ ಎತ್ತರಕ್ಕೆ 5 ಕೂಡಿಸಿದರೆ ಹೃತ್ಕರ್ಣದ ಒತ್ತಡ ಸೆಂ.ಮೀ. ನೀರಿನ ಲೆಕ್ಕದಲ್ಲಿ ಸಿಗುತ್ತದೆ. ದಿಣ್ಣೆಯಿಂದ 3 ಸೆಂ.ಮೀ. ಮೇಲಿದ್ದರೆ 3ಕ್ಕೆ 5 ಸೇರಿ 8 ಸೆಂ.ಮೀ. ನೀರು, ಅಂದರೆ ಸುಮಾರು 6 ಮಿ.ಮೀ. ಪಾದರಸ. ಆರೋಗ್ಯದ ಮಿತಿಯೊಳಗೆ.

ಸೂತ್ರದ ಬಿರುಕು ಇರುವುದು ‘ಯಾವ ಭಂಗಿಯಲ್ಲೂ’ ಎಂಬ ಮಾತಿನಲ್ಲಿ. ಅಂಗಾತ ಮಲಗಿದವನಲ್ಲಿ ದಿಣ್ಣೆಗೂ ಹೃತ್ಕರ್ಣಕ್ಕೂ ಇರುವ ಲಂಬ ಅಂತರವೆಂದರೆ ಎದೆಯ ಆಳ: ಮುಂದಿನ ಗೋಡೆಯಿಂದ ಹಿಂದಿನ ಹೃತ್ಕರ್ಣಕ್ಕೆ. ಅವನನ್ನೇ ಎಬ್ಬಿಸಿ ಕೂರಿಸಿದರೆ ಲಂಬ ಅಂತರವೆಂದರೆ ಎದೆಯ ಉದ್ದದ ಒಂದು ಭಾಗ: ದಿಣ್ಣೆಯಿಂದ ಕೆಳಗಿರುವ ಹೃತ್ಕರ್ಣಕ್ಕೆ. ಈ ಎರಡು ಅಂತರಗಳು ಸಮವಾಗಿರಬೇಕೆಂಬ ನಿಯಮವೇನೂ ದೇಹರಚನೆಯಲ್ಲಿಲ್ಲ. 2002ರಲ್ಲಿ ಕೆನಡಾದ ಸಂಶೋಧಕರು ಎದೆಯ ಸಿ.ಟಿ. ಸ್ಕ್ಯಾನ್‌ಗಳ ಮೇಲೆ ಇದನ್ನು ಲೆಕ್ಕ ಹಾಕಿದರು. ಅಂಗಾತ ಮಲಗಿದಾಗ ಅಂತರ 5 ಸೆಂ.ಮೀ.ಗಿಂತ ತುಸು ಹೆಚ್ಚು. 30 ಡಿಗ್ರಿ ಎತ್ತಿದಾಗ 8ರ ಹತ್ತಿರ. 45 ಡಿಗ್ರಿಯಲ್ಲಿ 10ಕ್ಕೆ ಸಮೀಪ. ವ್ಯಕ್ತಿಯಿಂದ ವ್ಯಕ್ತಿಗೂ ವ್ಯತ್ಯಾಸ.

ಇದರ ಪರಿಣಾಮವನ್ನು ಲೆಕ್ಕದಲ್ಲಿಯೇ ನೋಡೋಣ. ವಾರ್ಡಿನಲ್ಲಿ ನಾವು ರೋಗಿಯನ್ನು ಒರಗಿಸುವುದು 45 ಡಿಗ್ರಿಗೆ. ದಿಣ್ಣೆಯಿಂದ 3 ಸೆಂ.ಮೀ. ಮೇಲೆ ಸಿರೆಯ ತುದಿ ಕಂಡರೆ ಸೂತ್ರದ ಪ್ರಕಾರ 8 ಸೆಂ.ಮೀ. ನೀರು. ನಿಜವಾದ ಅಂತರ 10ರ ಹತ್ತಿರವಿದ್ದರೆ ಒತ್ತಡ 12ರಿಂದ 13 ಸೆಂ.ಮೀ. ನೀರು, ಎಂದರೆ 9 ಮಿ.ಮೀ. ಪಾದರಸದಷ್ಟು. ಕೇಸ್ ಶೀಟಿನಲ್ಲಿ ‘ನಾರ್ಮಲ್’ ಎಂದಾದದ್ದು ನಿಜವಾಗಿ ಮಿತಿ ದಾಟಿದೆ. ಕಣ್ಣಿನಿಂದ ಮಾಡಿದ ಅಂದಾಜು ಸಿರೆಯೊಳಗೆ ನಳಿಕೆ ತೂರಿಸಿ ಮಾಡಿದ ಅಳತೆಗಿಂತ ಕೆಳಗೇ ಇರುತ್ತದೆ, ಅದರಲ್ಲೂ ಒತ್ತಡ ಹೆಚ್ಚಿರುವವರಲ್ಲಿ ಎಂದು ಹಲವು ಅಧ್ಯಯನಗಳು ಹೇಳುತ್ತ ಬಂದಿದ್ದವು. ದೂಷಿಸಿದ್ದು ಮಾತ್ರ ವೈದ್ಯರ ಕಣ್ಣನ್ನು. ತಪ್ಪಿನ ದೊಡ್ಡ ಪಾಲು ಕೂಡಿಸುವ ಸಂಖ್ಯೆಯದು ಎಂದು ನಾನು ತಿಳಿಯುತ್ತೇನೆ.

ಕಣ್ಣೂ ಪೂರ್ತಿ ನಿರ್ದೋಷಿಯಲ್ಲ. ಕೆನಡಾದ ಡೆಬೊರಾ ಕುಕ್ 1990ರಲ್ಲಿ ತೀವ್ರ ನಿಗಾ ಘಟಕದ 50 ರೋಗಿಗಳ ಕೊರಳನ್ನು ವಿದ್ಯಾರ್ಥಿ, ಸ್ಥಾನಿಕ ವೈದ್ಯ, ಹಿರಿಯ ವೈದ್ಯ ಈ ಮೂವರಿಂದ ಪ್ರತ್ಯೇಕವಾಗಿ ನೋಡಿಸಿದರು. ಮೂವರ ಅಭಿಪ್ರಾಯಗಳು ಹೊಂದಿಕೊಂಡದ್ದು ಸುಮಾರಾಗಿ ಮಾತ್ರ. ಅನುಭವ ಹೆಚ್ಚಿದಷ್ಟೂ ಒಮ್ಮತ ಹೆಚ್ಚುತ್ತದೆ ಎನ್ನುವಂತೆಯೂ ಇರಲಿಲ್ಲ. ಆದರೂ ‘ಕಡಿಮೆಯಿದೆ’ ಎಂದು ವೈದ್ಯರು ಹೇಳಿದಾಗ ಒತ್ತಡ ನಿಜವಾಗಿ ಹೆಚ್ಚಿರುವ ಸಂಭವ ತುಂಬ ಇಳಿಯುತ್ತದೆ, ‘ಹೆಚ್ಚಿದೆ’ ಎಂದಾಗ ಗಣನೀಯವಾಗಿ ಏರುತ್ತದೆ ಎಂಬುದು ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಹೊರಬಂದ ಸಂಗತಿ. ಸಂಖ್ಯೆಯಲ್ಲಿ ಭಿನ್ನಾಭಿಪ್ರಾಯ, ದಿಕ್ಕಿನಲ್ಲಿ ಒಪ್ಪಿಗೆ.

ಯಂತ್ರದ ಕಡೆಗೂ ಒಂದು ನೋಟ ಹರಿಸುವುದು ನ್ಯಾಯ. ಎಕೋ ವರದಿಯಲ್ಲಿ ‘ಬಲ ಹೃತ್ಕರ್ಣದ ಒತ್ತಡ 8 ಮಿ.ಮೀ.’ ಎಂದು ಅಚ್ಚಾಗಿ ಬಂದಾಗ ಅದಕ್ಕೊಂದು ಗಾಂಭೀರ್ಯ ಬರುತ್ತದೆ. ಅದು ಬಂದ ಬಗೆ ಹೀಗೆ: ಹೊಟ್ಟೆಯ ಕಡೆಯಿಂದ ಹೃದಯಕ್ಕೆ ರಕ್ತ ತರುವ ಕೆಳ ಮಹಾಸಿರೆಯ ಅಗಲ 2.1 ಸೆಂ.ಮೀ. ದಾಟಿದೆಯೇ, ಉಸಿರೆಳೆದಾಗ ಅದು ಅರ್ಧಕ್ಕಿಂತ ಹೆಚ್ಚು ಕುಗ್ಗುತ್ತದೆಯೇ ಎಂಬ ಎರಡು ಪ್ರಶ್ನೆಗಳು. ಕಿರಿದು, ಚೆನ್ನಾಗಿ ಕುಗ್ಗುತ್ತದೆ ಎಂದರೆ 3, ಅಗಲ, ಕುಗ್ಗುವುದಿಲ್ಲ ಎಂದರೆ 15, ನಡುವಿನದಕ್ಕೆ 8. ಅಮೆರಿಕದ ಎಕೋಕಾರ್ಡಿಯೋಗ್ರಫಿ ಸಂಘ 2010ರಲ್ಲಿ ಕೊಟ್ಟ ಮಾರ್ಗಸೂಚಿಯಿದು. ಅಂದರೆ ಲಕ್ಷಾಂತರ ರೂಪಾಯಿಯ ಯಂತ್ರವೂ ಮಾಡುವುದು ಮೂರು ಡಬ್ಬಿಗಳಲ್ಲಿ ಒಂದಕ್ಕೆ ರೋಗಿಯನ್ನು ಹಾಕುವ ಕೆಲಸವನ್ನೇ. ಅದನ್ನು ಯಾರೂ ಆಕ್ಷೇಪಿಸಿಲ್ಲ. ಕಣ್ಣಿಗೆ ಮಾತ್ರ ಸೆಂಟಿಮೀಟರಿನ ಕಡ್ಡಿ ಹಿಡಿಯುವುದೇಕೆ?

ಇನ್ನು ನಮ್ಮ ಹೊರರೋಗಿ ವಿಭಾಗಗಳ ವಾಸ್ತವಕ್ಕೆ ಬರೋಣ. ಜಿಲ್ಲಾ ಆಸ್ಪತ್ರೆಯ ಓಪಿಡಿಯಲ್ಲಿ ರೋಗಿ ಕೂರುವುದು ಮೇಜಿನ ಪಕ್ಕದ ಸ್ಟೂಲಿನ ಮೇಲೆ. ಪರದೆಯ ಹಿಂದೆ ಒಂದು ಮಂಚವಿದ್ದರೆ ಅದರ ತಲೆಭಾಗ ಎತ್ತುವ ಹಿಡಿಕೆ ತಿರುಗುವುದಿಲ್ಲ, ಅಥವಾ ಮಂಚದ ಮೇಲೆ ಇನ್ನೊಬ್ಬ ರೋಗಿ ಇರುತ್ತಾನೆ. 45 ಡಿಗ್ರಿ ಎಂಬುದು ಇಂಥಲ್ಲಿ ಪರೀಕ್ಷಾ ಹಾಲಿನ ಮಾತಾಗುತ್ತದೆ. ಇದಕ್ಕೆ ತಕ್ಕದಾದ ಒಂದು ಪರಿಹಾರವನ್ನು 2007ರಲ್ಲಿ ಫಿನ್ಲೆಂಡಿನ ವೈದ್ಯರು ಪ್ರಕಟಿಸಿದರು. ರೋಗಿಯನ್ನು ನೆಟ್ಟಗೆ ಕೂರಿಸಿ. ಬಲ ಕೊರಳೆಲುಬಿನ ಮೇಲೆ ಸಿರೆಯ ಮಿಡಿತ ಕಾಣುತ್ತದೆಯೇ ನೋಡಿ. ಕಂಡರೆ ಒತ್ತಡ ಏರಿದೆ. ಅಷ್ಟೇ. ಕುಳಿತ ಭಂಗಿಯಲ್ಲಿ ಕೊರಳೆಲುಬು ಹೃತ್ಕರ್ಣಕ್ಕಿಂತ ಕನಿಷ್ಠ 10 ಸೆಂ.ಮೀ.ನಷ್ಟು ಮೇಲಿರುವುದರಿಂದ ಅದಕ್ಕಿಂತ ಮೇಲೆ ರಕ್ತ ನಿಂತಿದೆಯೆಂದರೆ ಒತ್ತಡ ಮಿತಿ ದಾಟಿದೆಯೆಂದೇ ಅರ್ಥ. ಮಂಚ ಬೇಡ, ಅಳತೆಪಟ್ಟಿ ಬೇಡ. ಸ್ಟೂಲೇ ಸಾಕು.

ಹೇಗೆ ನೋಡುವುದು ಎಂಬುದರಲ್ಲಿ ಅವಸರ ಸಲ್ಲದು. ಅಂಗಿಯ ಮೇಲಿನ ಗುಂಡಿ ಬಿಚ್ಚಿರಬೇಕು. ಹೆಂಗಸರಾದರೆ ಜೊತೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಸೆರಗು ತುಸು ಸರಿಸಿ ಸರಗಳನ್ನು ಎಡಕ್ಕೆ ತಳ್ಳಿಕೊಳ್ಳಿ ಎಂದು ಕೇಳಬೇಕು. ಗದ್ದವನ್ನು ಕೊಂಚ ಎಡಕ್ಕೆ ತಿರುಗಿಸಿದರೆ ಸಾಕು, ಪೂರ್ತಿ ತಿರುಗಿಸಿದರೆ ಕೊರಳ ಸ್ನಾಯು ಬಿಗಿದು ಸಿರೆ ಅದರಡಿ ಅಡಗುತ್ತದೆ. ನಮ್ಮ ಜನರ ಮೈಬಣ್ಣದಲ್ಲಿ ಸಿರೆಯ ನೀಲಿಯನ್ನು ಹುಡುಕಿ ಪ್ರಯೋಜನವಿಲ್ಲ, ಹುಡುಕಬೇಕಾದದ್ದು ಚಲನೆಯನ್ನು. ಮೊಬೈಲಿನ ಟಾರ್ಚನ್ನು ಕೊರಳಿಗೆ ನೇರವಾಗಿ ಹಿಡಿಯದೆ ಓರೆಯಾಗಿ, ಚರ್ಮಕ್ಕೆ ಸವರುವಂತೆ ಹಿಡಿದರೆ ಮಿಡಿತದ ನೆರಳು ಬೀಳುತ್ತದೆ. ಆ ನೆರಳು ಒಂದು ಹೃದಯಬಡಿತಕ್ಕೆ ಎರಡು ಸಲ ಅಲುಗಿದರೆ, ಹೊರಗೆ ಚಿಮ್ಮುವುದಕ್ಕಿಂತ ಒಳಕ್ಕೆ ಕುಸಿಯುವುದೇ ಎದ್ದು ಕಂಡರೆ, ಬೆರಳಿಟ್ಟರೆ ಸಿಗದಿದ್ದರೆ ಅದು ಸಿರೆ. ಒಂದೇ ಸಲ ಚಿಮ್ಮಿ ಬೆರಳಿಗೆ ಬಡಿದರೆ ಧಮನಿ. ಅನುಮಾನವಿದ್ದರೆ ಕೊರಳ ಬುಡದಲ್ಲಿ ಹಗುರವಾಗಿ ಒತ್ತಬೇಕು. ಸಿರೆಯ ಮಿಡಿತ ಅಡಗುತ್ತದೆ, ಧಮನಿಯದು ಅಡಗುವುದಿಲ್ಲ.

ಹೊರ ಜ್ಯುಗುಲರ್ ಸಿರೆ, ಎಂದರೆ ಚರ್ಮದಡಿಯಲ್ಲೇ ಹಗ್ಗದಂತೆ ಕಾಣುವುದನ್ನು, ನಂಬಬೇಡಿ ಎಂದು ಹಳೆಯ ಗುರುಗಳು ಎಚ್ಚರಿಸುತ್ತಿದ್ದರು. ಅದಕ್ಕೆ ಕಾರಣವಿದೆ. ಅದರಲ್ಲಿ ಕವಾಟಗಳಿವೆ, ದಾರಿಯಲ್ಲಿ ಅದು ಅಮುಕಿಕೊಳ್ಳಬಹುದು, ಉಸಿರು ಬಿಗಿಹಿಡಿದರಂತೂ ಯಾರಲ್ಲಾದರೂ ಉಬ್ಬುತ್ತದೆ. ತಾರಸ್ಥಾಯಿಯಲ್ಲಿ ಪದ್ಯ ಎತ್ತುವ ಯಕ್ಷಗಾನ ಭಾಗವತರ ಕೊರಳಲ್ಲಿ ಕಾಣುವುದೂ ಇದೇ. ಅದಕ್ಕೂ ಹೃದಯ ವೈಫಲ್ಯಕ್ಕೂ ಸಂಬಂಧವಿಲ್ಲ. ಆದರೆ ಪೂರ್ಣ ನಿಷೇಧವೂ ಅತಿಯಾಯಿತು. ತೀವ್ರ ನಿಗಾ ಘಟಕದ ರೋಗಿಗಳಲ್ಲಿ 2006ರಲ್ಲಿ ನಡೆದ ಒಂದು ಅಧ್ಯಯನದಲ್ಲಿ ಹೊರ ಸಿರೆಯನ್ನೇ ನೋಡಿ ಒತ್ತಡ ಹೆಚ್ಚೋ ಕಡಿಮೆಯೋ ಎಂದು ಹೇಳಿದ್ದು ನಂಬುವಷ್ಟು ಸರಿಯಾಗಿತ್ತು. ರೋಗಿ ಮಾತಾಡದೆ ಸಹಜವಾಗಿ ಉಸಿರಾಡುತ್ತಿರುವಾಗಲೂ ಅದು ತುಂಬಿಯೇ ಇದ್ದರೆ ಕಡೆಗಣಿಸಬಾರದು.

ಹೊಟ್ಟೆ ಒತ್ತಿ ಕೊರಳ ಸಿರೆಯನ್ನು ನೋಡುವ ಇನ್ನೊಂದು ಪರೀಕ್ಷೆಯನ್ನು ಮೊದಲು ವರ್ಣಿಸಿದವನು ಪಾಶ್ಚರ್, 1885ರಲ್ಲಿ. ಹುಚ್ಚುನಾಯಿ ಲಸಿಕೆಯ ಲೂಯಿ ಪಾಶ್ಚರ್ ಅಲ್ಲ, ಲಂಡನ್ನಿನ ವಿಲಿಯಂ ಪಾಶ್ಚರ್. ಹೊಟ್ಟೆಯ ಮಧ್ಯದಲ್ಲಿ ಅಂಗೈ ಹರಡಿ ಹತ್ತು ಹದಿನೈದು ಸೆಕೆಂಡು ದೃಢವಾಗಿ, ನೋವಾಗದಂತೆ ಒತ್ತಿದಾಗ ಆರೋಗ್ಯವಂತರಲ್ಲಿ ಸಿರೆಯ ಮಟ್ಟ ಒಮ್ಮೆ ಏರಿ ಒಡನೆಯೇ ಇಳಿಯುತ್ತದೆ. ಒತ್ತಿರುವಷ್ಟು ಹೊತ್ತೂ ಮೂರು ನಾಲ್ಕು ಸೆಂ.ಮೀ. ಮೇಲೆಯೇ ನಿಂತು, ಕೈ ತೆಗೆದಾಗ ದಡಕ್ಕನೆ ಬಿದ್ದರೆ ಬಲ ಹೃದಯಕ್ಕೆ ಬಂದ ರಕ್ತವನ್ನು ಮುಂದೆ ಸಾಗಿಸುವ ಶಕ್ತಿ ಸಾಲದಾಗಿದೆ. ಎಡ ಹೃದಯದ ಒತ್ತಡ ಹೆಚ್ಚಿರುವವರಲ್ಲೂ ಈ ಗುರುತು ಕಾಣುತ್ತದೆ. ಇಲ್ಲಿಯೂ ಉತ್ತರ ಹೌದು ಅಥವಾ ಇಲ್ಲ ಎಂಬ ಬಗೆಯದೇ.

ಕೊರಳನ್ನು ನೋಡದಿರುವುದರ ಬೆಲೆ ಏನು ಎಂಬುದು ನನಗೆ ಅತಿ ಸ್ಪಷ್ಟವಾಗಿ ಕಾಣುವುದು ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬರುವ ರೋಗಿಗಳಲ್ಲಿ. ಹೊಟ್ಟೆ ಉಬ್ಬಿದೆ, ಕೈಕಾಲು ಸೊರಗಿವೆ, ಊಟ ಸೇರುವುದಿಲ್ಲ. ಮೊದಲ ಪ್ರಶ್ನೆ: ಕುಡಿತವಿದೆಯೇ? ಇಲ್ಲವೆಂದರೆ ಮನೆಯವರನ್ನು ಬೇರೆ ಕರೆದು ಮತ್ತೊಮ್ಮೆ ಕೇಳುತ್ತಾರೆ. ಲಿವರ್ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್, ಸೂಜಿ ಚುಚ್ಚಿ ನೀರು ತೆಗೆಯುವುದು, ನೀರಿನ ಮಾತ್ರೆ, ಎರಡು ತಿಂಗಳಿಗೆ ಮತ್ತೆ ಅದೇ ಹೊಟ್ಟೆ. ಸ್ಕ್ಯಾನ್ ವರದಿಯ ನಡುವೆ ‘ಲಿವರಿನ ಸಿರೆಗಳು ಹಿಗ್ಗಿವೆ’ ಎಂಬ ಒಂದು ಸಾಲು ಇರುತ್ತದೆ. ಅದನ್ನು ಓದಿದವರು ಕಡಿಮೆ. ಲಿವರ್ ಗಟ್ಟಿಯಾಗಿ ನೀರು ತುಂಬಿದವರಲ್ಲಿ ಕೊರಳ ಸಿರೆಯ ಮಟ್ಟ ಸಾಧಾರಣವಾಗಿ ಏರುವುದಿಲ್ಲ. ಹೊಟ್ಟೆ ಉಬ್ಬಿ ಬಂದ ರೋಗಿಯನ್ನು ನೆಟ್ಟಗೆ ಕೂರಿಸಿದಾಗ ಕಿವಿಹಾಲೆಯ ಬುಡದಲ್ಲಿ ಮಿಡಿತ ಕಂಡರೆ ಕಾಯಿಲೆ ಎದೆಯಲ್ಲಿದೆ. ಹೃದಯದ ಸುತ್ತಲಿನ ಪೊರೆ ದಪ್ಪಗಟ್ಟಿ ಹೃದಯವನ್ನು ಅಮುಕಿ ಹಿಡಿದಿರಬಹುದು. ನಮ್ಮ ದೇಶದಲ್ಲಿ ಅದರ ಮುಖ್ಯ ಕಾರಣ ಕ್ಷಯ. ಇಂಥವರ ಕೊರಳಲ್ಲಿ ಮಟ್ಟ ಥಟ್ಟನೆ ಆಳಕ್ಕೆ ಕುಸಿದು ಥಟ್ಟನೆ ಮೇಲೇಳುವುದನ್ನು ಜರ್ಮನಿಯ ಫ್ರೀಡ್ರಿಖ್ 1864ರಲ್ಲಿ ಬರೆದಿದ್ದಾನೆ. ಉಸಿರೆಳೆದಾಗ ಇಳಿಯಬೇಕಾದ ಸಿರೆ ಇಳಿಯದೆ ಇನ್ನಷ್ಟು ಉಬ್ಬುವುದನ್ನು ಕುಸ್‌ಮಾಲ್ 1873ರಲ್ಲಿ ಬರೆದ. ಎರಡೂ ಕಣ್ಣಿಗೆ ಕಾಣುವ ಗುರುತುಗಳೇ. ಕೆಲವರ ಪಕ್ಕದಿಂದ ತೆಗೆದ ಎದೆಯ ಎಕ್ಸ್‌ರೇಯಲ್ಲಿ ಹೃದಯದ ಸುತ್ತ ಸುಣ್ಣದ ಗೆರೆಯೂ ಕಾಣುತ್ತದೆ. ಪೊರೆಯನ್ನು ಬಿಡಿಸುವ ಶಸ್ತ್ರಚಿಕಿತ್ಸೆಯಿದೆ. ತಡವಾದಷ್ಟೂ ಅದು ಅಪಾಯಕರ.

ಒಂದು ಎಚ್ಚರಿಕೆ ಇಲ್ಲಿಯೇ. ಒತ್ತಡ ವಿಪರೀತ ಏರಿದಾಗಲೇ ಅದು ಕಣ್ತಪ್ಪುವ ಸಂಭವ ಹೆಚ್ಚು. 45 ಡಿಗ್ರಿಗೆ ಒರಗಿಸಿದಾಗ ಸಿರೆಯ ತುದಿ ದವಡೆಯ ಹಿಂದೆ, ತಲೆಬುರುಡೆಯ ಒಳಗೆ ಹೋಗಿರುತ್ತದೆ; ಕೊರಳಲ್ಲಿ ಮಿಡಿತ ಕಾಣದೆ ‘ಏರಿಲ್ಲ’ ಎಂದು ಬರೆಯುವಂತಾಗುತ್ತದೆ. ಕೂರಿಸಿ ನೋಡುವುದು ಇದಕ್ಕೂ ಮದ್ದು. ಹೊಟ್ಟೆ ತೀರ ಬಿಗಿದಿದ್ದರೆ ಆ ಒತ್ತಡಕ್ಕೇ ಸಿರೆಯ ಮಟ್ಟ ಸುಳ್ಳಾಗಿ ಏರಿರಬಹುದು. ನೀರು ತೆಗೆದ ಮೇಲೆ ಮತ್ತೆ ನೋಡಬೇಕು. ಸಿರೆ ತುಂಬಿಕೊಂಡಿದ್ದು ಮಿಡಿತವೇ ಇಲ್ಲದಿದ್ದರೆ ಎದೆಯ ಮೇಲ್ಭಾಗದ ಮಹಾಸಿರೆಯನ್ನು ಗಡ್ಡೆಯೋ ಹೆಪ್ಪೋ ಮುಚ್ಚಿರುವುದನ್ನು ಶಂಕಿಸಬೇಕು. ಅದು ಹೃದಯದ ದೋಷವಲ್ಲ.

ಕ್ಷಯದ ಪೊರೆಯಂತೆಯೇ ಕಾಣುವ ಇನ್ನೊಂದು ಕಾಯಿಲೆ ಪಕ್ಕದ ಕೇರಳದ ಕರಾವಳಿಯಲ್ಲಿ ಹಿಂದೆ ಹೇರಳವಾಗಿತ್ತು: ಹೃದಯದ ಒಳಪದರ ನಾರುಗಟ್ಟುವ ಎಂಡೋಮಯೋಕಾರ್ಡಿಯಲ್ ಫೈಬ್ರೋಸಿಸ್. ತಿರುವನಂತಪುರದಲ್ಲಿ ಎಂ.ಎಸ್. ವಲಿಯಥಾನ್ ಮತ್ತು ಅವರ ಸಹೋದ್ಯೋಗಿಗಳು ಅದರ ಮೇಲೆ ದೀರ್ಘಕಾಲ ಕೆಲಸ ಮಾಡಿದರು. ಈಚೆಗೆ ಅದು ತೀರ ವಿರಳವಾಗಿದೆ. ಆ ರೋಗಿಗಳಲ್ಲೂ ಹೊಟ್ಟೆ ದೊಡ್ಡದು, ಕಾಲಿನ ಊತ ಕಡಿಮೆ, ಕೊರಳು ತುಂಬಿರುತ್ತಿತ್ತು.

ಕವಾಟದ ಕಾಯಿಲೆಗಳಲ್ಲಿ ಅಲೆಯ ಆಕಾರ ಹೇಳುವ ಕಥೆಯನ್ನು ಬೇಗನೆ ಮುಗಿಸುತ್ತೇನೆ, ಅದು ಪಠ್ಯಗಳಲ್ಲಿ ಸಾಕಷ್ಟಿದೆ. ಟ್ರೈಕಸ್ಪಿಡ್ ಕವಾಟ ಸೋರಿದರೆ ದೊಡ್ಡ ‘ವಿ’ ಅಲೆ ಪ್ರತಿ ಬಡಿತಕ್ಕೂ ಕಿವಿಹಾಲೆಯನ್ನು ಅಲುಗಿಸುತ್ತದೆ. ಕೀಲುಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರಲ್ಲಿ ‘ಎ’ ಅಲೆ ಕಾಣದೆ ಹೋದರೆ ಮೆಕೆಂಜಿ ಕಂಡದ್ದೇ ಇಲ್ಲಿಯೂ. ಬಲೂನಿನಿಂದ ಕವಾಟ ಹಿಗ್ಗಿಸಲು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಬರುವ ಇಂಥ ರೋಗಿಗಳು ಕಡಿಮೆಯೇನಲ್ಲ. ನಾಡಿ ನಿಮಿಷಕ್ಕೆ 35ರಿಂದ 40 ಇದ್ದು, ಕೊರಳಲ್ಲಿ ನಡುನಡುವೆ ಅಕ್ರಮವಾಗಿ ದೊಡ್ಡ ನೆಗೆತ ಕಂಡರೆ ಅದು ಪೂರ್ಣ ಹಾರ್ಟ್ ಬ್ಲಾಕ್: ಮುಚ್ಚಿದ ಕವಾಟಕ್ಕೆ ಹೃತ್ಕರ್ಣ ಢಿಕ್ಕಿ ಹೊಡೆಯುತ್ತಿದೆ. ಇಸಿಜಿ ಬರುವ ಮೊದಲೇ ಹೇಳಬಹುದು.

ಇಸಿಜಿ ಬಂದ ಮೇಲೂ ಕೊರಳಿಗೆ ಕೆಲಸವಿರುವ ಒಂದು ಸಂದರ್ಭವನ್ನು ಮಾತ್ರ ಒತ್ತಿ ಹೇಳಬೇಕು. ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಗಳಲ್ಲಿ ಎದೆನೋವಿನ ರೋಗಿಗೆ ಬೇಗ ಇಸಿಜಿ ಆಗಿ ದೊಡ್ಡ ಕೇಂದ್ರದ ಸಲಹೆ ಸಿಗುವಂತಾಗಿದೆ. ಹೃದಯದ ಕೆಳಗೋಡೆಯ ಹೃದಯಾಘಾತದಲ್ಲಿ ಬಲ ಹೃತ್ಕುಕ್ಷಿಯೂ ಕೆಟ್ಟಿರುವುದುಂಟು. ಮಾಮೂಲಿ 12 ಲೀಡಿನ ಇಸಿಜಿಯಲ್ಲಿ ಅದು ನೇರವಾಗಿ ಕಾಣುವುದಿಲ್ಲ. ಎದೆಯ ಬಲಭಾಗಕ್ಕೆ ಲೀಡ್ ಸರಿಸಿ ಮತ್ತೊಮ್ಮೆ ತೆಗೆಯಬೇಕು. ಅಷ್ಟರಲ್ಲಿ ಯಾರಾದರೂ ನಾಲಿಗೆಯಡಿ ಎದೆನೋವಿನ ಮಾತ್ರೆ ಸಾರ್ಬಿಟ್ರೇಟ್ ಇಟ್ಟರೆ, ಸಿರೆಗಳು ಹಿಗ್ಗಿ ಬಲ ಹೃದಯಕ್ಕೆ ಬರುವ ರಕ್ತ ಇನ್ನೂ ಕಡಿಮೆಯಾಗಿ ಬಿ.ಪಿ. ಪಾತಾಳಕ್ಕಿಳಿಯುತ್ತದೆ. ಬಿ.ಪಿ. ಕಡಿಮೆ, ಶ್ವಾಸಕೋಶದಲ್ಲಿ ಸದ್ದಿಲ್ಲ, ಕೊರಳ ಸಿರೆ ಮಾತ್ರ ತುಂಬಿದೆ: ಈ ಮೂರು ಒಟ್ಟಿಗಿದ್ದರೆ ಆ ಮಾತ್ರೆ ಕೊಡಬಾರದು. ಕೊರಳು ನೋಡಲು ಅರ್ಧ ನಿಮಿಷ ಸಾಕು.

ಈ ಪರೀಕ್ಷೆಗೆ ಭವಿಷ್ಯ ಹೇಳುವ ಶಕ್ತಿಯೂ ಇದೆ ಎಂಬುದಕ್ಕೆ ದೊಡ್ಡ ಪುರಾವೆ ಬಂದದ್ದು 2001ರಲ್ಲಿ. ಸಾಲ್ವ್ಡ್ ಎಂಬ ಹೃದಯ ವೈಫಲ್ಯದ ಔಷಧ ಪ್ರಯೋಗದ 2,569 ರೋಗಿಗಳ ದಾಖಲೆಗಳನ್ನು ಮಾರ್ಕ್ ಡ್ರಾಜ್ನರ್ ತಂಡ ಮರಳಿ ಪರಿಶೀಲಿಸಿತು. ಪ್ರಯೋಗಕ್ಕೆ ಸೇರುವ ದಿನ ಕೊರಳ ಸಿರೆ ಏರಿದೆಯೆಂದು ವೈದ್ಯರು ಗುರುತು ಹಾಕಿದ್ದವರು ಸುಮಾರು ನೂರಕ್ಕೆ 11. ಬೇರೆಲ್ಲ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅವರಲ್ಲಿ ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವ ಸಂಭವ ಮೂರನೇ ಒಂದರಷ್ಟು ಹೆಚ್ಚಿತ್ತು. ಆ ವೈದ್ಯರು ಗುರುತು ಹಾಕಿದ್ದು ಏರಿದೆ, ಏರಿಲ್ಲ ಎಂಬ ಎರಡರಲ್ಲಿ ಒಂದಕ್ಕೆ ಎಂಬುದು ನನ್ನ ವಾದಕ್ಕೆ ಮುಖ್ಯ. ಇದಾದ ಮೇಲೆ, 2005ರಲ್ಲಿ ಪ್ರಕಟವಾದ ಎಸ್ಕೇಪ್ ಪ್ರಯೋಗ 433 ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಹೃದಯದೊಳಗೆ ನಳಿಕೆ ತೂರಿಸಿ ಒತ್ತಡ ಅಳೆಯುತ್ತ ಚಿಕಿತ್ಸೆ; ಇನ್ನೊಂದಕ್ಕೆ ಕೊರಳ ಸಿರೆಯೂ ಸೇರಿದಂತೆ ಮೈಪರೀಕ್ಷೆಯ ಗುರುತುಗಳನ್ನೇ ನೆಚ್ಚಿ ಚಿಕಿತ್ಸೆ. ಬದುಕಿ ಮನೆಯಲ್ಲಿದ್ದ ದಿನಗಳ ಲೆಕ್ಕದಲ್ಲಿ ನಳಿಕೆಯ ಗುಂಪಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ. ಅಲ್ಲಿ ಕೊರಳು ನೋಡಿದವರು ಹೃದಯ ವೈಫಲ್ಯದಲ್ಲಿ ಪಳಗಿದ ತಜ್ಞರು ಎಂಬುದನ್ನೂ ಮರೆಯಬಾರದು. ಹೊಸದಾಗಿ ಕೆಲಸಕ್ಕೆ ಸೇರಿದವರ ಕೈಯಲ್ಲೂ ಇದೇ ಫಲಿತಾಂಶ ಬರುತ್ತದೆಂದು ಈ ಪ್ರಯೋಗದಿಂದ ಹೇಳಲಾಗದು.

ಮಿತಿಯೂ ಇದೆ. ಕೊರಳು ಹೇಳುವುದು ಬಲ ಹೃದಯದ ಸಮಾಚಾರ. ಹೃದಯ ವೈಫಲ್ಯದ ದೀರ್ಘಕಾಲದ ರೋಗಿಗಳಲ್ಲಿ ಎಡಗಡೆಯ ಒತ್ತಡ ಸಾಮಾನ್ಯವಾಗಿ ಬಲಗಡೆಯ ಜೊತೆಗೇ ಏರುತ್ತದೆ, ಎಲ್ಲರಲ್ಲೂ ಅಲ್ಲ. ಶ್ವಾಸಕೋಶದ ಹಳೆಯ ಕಾಯಿಲೆ, ಶ್ವಾಸಕೋಶದ ಧಮನಿಯಲ್ಲಿ ಹೆಪ್ಪು ಇವು ಎಡ ಹೃದಯ ಚೆನ್ನಾಗಿದ್ದರೂ ಕೊರಳನ್ನು ಉಬ್ಬಿಸುತ್ತವೆ. ದಪ್ಪ, ಗಿಡ್ಡ ಕೊರಳಿನಲ್ಲಿ, ಗಳಗಂಡದಲ್ಲಿ, ವೆಂಟಿಲೇಟರ್ ಮೇಲಿರುವವರಲ್ಲಿ ಏನೂ ಕಾಣದಿರಬಹುದು. ಅಲ್ಲೆಲ್ಲ ಎಕೋ ಬೇಕೇ ಬೇಕು. ಈ ಪರೀಕ್ಷೆಯನ್ನು ಹೃದ್ರೋಗ ಬೋಧನೆಯ ಮುಂಚೂಣಿಗೆ ತಂದ ಲಂಡನ್ನಿನ ಪಾಲ್ ವುಡ್ (ಅವನು ಹುಟ್ಟಿದ್ದು ನೀಲಗಿರಿಯ ಕೂನೂರಿನಲ್ಲಿ, 1907ರಲ್ಲಿ) ಹೃದಯದೊಳಗೆ ನಳಿಕೆ ತೂರಿಸುವ ಪರೀಕ್ಷೆಯನ್ನು ಬಳಸಿಕೊಂಡವರ ಮೊದಲ ಸಾಲಿನಲ್ಲೂ ಇದ್ದ. ಕಣ್ಣು, ಯಂತ್ರ ಎಂಬ ಜಗಳ ಅವನಿಗಿರಲಿಲ್ಲ. ಒಂದರಿಂದ ಕಂಡದ್ದನ್ನು ಇನ್ನೊಂದರಿಂದ ತಾಳೆ ನೋಡುತ್ತಿದ್ದ.

ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಕೇಸ್ ಶೀಟಿನ ಆ ಸಾಲಿನಲ್ಲಿ ‘8 ಸೆಂ.ಮೀ.’ ಎಂದು ಬರೆಯುವ ಬದಲು ರೋಗಿ ಕುಳಿತಿದ್ದನೋ ಒರಗಿದ್ದನೋ, ಕೊರಳೆಲುಬಿನ ಮೇಲೆ ಮಿಡಿತ ಕಂಡಿತೋ ಇಲ್ಲವೋ, ಉಸಿರೆಳೆದಾಗ ಇಳಿಯಿತೋ ಏರಿತೋ ಎಂದು ಬರೆಯಿರಿ. ಕಾಣದಿದ್ದರೆ ‘ಕಾಣಲಿಲ್ಲ’ ಎಂದೇ ಬರೆಯಿರಿ, ‘ನಾರ್ಮಲ್’ ಎಂದು ಬರೆಯಬೇಡಿ. ನಾಳೆ ಆ ಶೀಟನ್ನು ಓದುವ ವೈದ್ಯರು ಮತ್ತೊಮ್ಮೆ ನೋಡುತ್ತಾರೆ.